ಕುಂಸಿಯಲ್ಲಿ ಒಂದು ಬಟ್ಟೆಯ ಪೆಟ್ಟಿಗೆ

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಆಯನೂರನ್ನು ದಾಟಿ ಇನ್ನೂ ಕೆಲವು ಮೈಲಿ ನಡೆದರೆ ಕುಂಸಿ ಎಂಬ ಊರು ಸಿಕ್ಕುತ್ತದೆ. ಜೋಗದ ಜಲಪಾತವನ್ನು ನೋಡುವ ಅವಸರದಲ್ಲಿರುವ ಯಾತ್ರಿಕರು ಈ ಊರನ್ನು ಗಮನಿಸುವುದು ಅಪೂರ್ವ. ಬಸ್ಸು ನಿಂತರೆ ಒಂದು ಲೋಟ ಕಾಫಿ ಕುಡಿದಾರು. ನಿಲ್ಲದಿದ್ದರೆ ಅದೂ ಇಲ್ಲ. ತಾಳಗುಪ್ಪದ ರೈಲಿನಲ್ಲಿ ಬಂದವರು ನಿಲ್ದಾಣದ ಹಲಗೆಯ ಮೇಲೆ ಹೆಸರನ್ನೋದಿ, ಮುಂದಿನ ಅರಸಾಳು ನಿಲ್ದಾಣವನ್ನು ಎದುರುನೋಡುತ್ತಾರೆ. ೧೯೮೦ರ ದಶಕದಲ್ಲಿ ಶಂಕರನಾಗ್ ಅವರು ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಅಲ್ಲಿ ಚಿತ್ರಿಸಿದರಲ್ಲವೆ? ಅರಸಾಳಿಗೆ ಆ ಕೀರ್ತಿ ಬಂದಿತು. ಕುಂಸಿಗೆ ಅಂತಹ ಕೀರ್ತಿಯೇನೂ ಬರಲಿಲ್ಲ. ಆದರೂ ನನ್ನ ಜೀವಮಾನದ ಒಂದು ಹುಚ್ಚಿಗೆ ಈ ಊರಿಗಿಂತ ಅನುಕೂಲವಾದ ಸ್ಥಳ ಇನ್ನೊಂದಿಲ್ಲವೆಂದು ನಾನು ಧೈರ್ಯವಾಗಿ ಹೇಳಬಲ್ಲೆನು. ಆ ಹುಚ್ಚು ಯಾವುದೆಂದರೆ, ಹಳೆಯ ಬಟ್ಟೆಗಳ ಸಂಗ್ರಹ.

ವಾಚಕರು ನಗಬಾರದು. ನಾಣ್ಯಗಳನ್ನು ಕೂಡಿಸುವವರುಂಟು, ಅಂಚೆಚೀಟಿಗಳನ್ನು ಅಂಟಿಸುವವರುಂಟು, ತಾಳೆಗರಿಗಳನ್ನು ಹುಡುಕಿ ಅಲೆಯುವವರುಂಟು. ಅವರನ್ನೆಲ್ಲ ಲೋಕವು ರಸಿಕರೆಂದೂ ವಿದ್ವಾಂಸರೆಂದೂ ಕರೆಯುತ್ತದೆ. ಹಳೆಯ ಬಟ್ಟೆ ಕೂಡಿಸುವವನನ್ನು ಮಾತ್ರ ಚಿಂದಿ ಆಯುವವನೆನ್ನುತ್ತದೆ. ನನ್ನ ಮಾತಿಗೆ ಅಮರಸಿಂಹನ ಬೆಂಬಲವುಂಟು. ಅವನು ತನ್ನ ಕೋಶದಲ್ಲಿ ಜೀರ್ಣವಾದ ಬಟ್ಟೆಗೆಂದೇ ‘ಪಟಚ್ಚರ’ ಎಂಬ ಪ್ರತ್ಯೇಕ ಪದವನ್ನು ಕೊಟ್ಟು ಗೌರವಿಸಿದ್ದಾನೆ. ತೊಗಟೆ, ಕಾಯಿ, ಹುಳು, ರೋಮ ಎಂಬ ನಾಲ್ಕೇ ಬಟ್ಟೆಯ ಹುಟ್ಟುಸ್ಥಾನಗಳೆಂದು ಹೇಳಿ ನಾರುಮಡಿ, ಹತ್ತಿ, ರೇಷ್ಮೆ, ಕಂಬಳಿಗಳನ್ನು ಒಂದೊಂದು ಹೆಸರಿನಿಂದ ವಿಂಗಡಿಸಿದ್ದಾನೆ. ಅಷ್ಟು ಹಿಂದಿನ ಪಂಡಿತನಿಗೆ ಅಮುಖ್ಯವೆಂದು ತೋರದ ವಸ್ತುವನ್ನು ನಾವು ಮೂಲೆಯಲ್ಲಿ ಬಿಸುಡುವುದು ಸರಿಯೆ?

ಕುಂಸಿಯೇ ಏಕೆ ಅನುಕೂಲವೆಂಬುದನ್ನು ಮೊದಲು ಹೇಳುತ್ತೇನೆ. ಈ ಊರು ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಹೊಸ್ತಿಲಿನಂತಿದೆ. ಪೂರ್ವಕ್ಕೆ ನೋಡಿದರೆ ಜೋಳ ಬೆಳೆಯುವ ಹೊಲಗಳು. ಪಶ್ಚಿಮಕ್ಕೆ ತಿರುಗಿದರೆ ಕಾಡು, ಅಡಿಕೆಯ ತೋಟ, ಮಳೆಯ ಮೋಡ. ಉತ್ತರಕ್ಕೆ ಶಿಕಾರಿಪುರದ ಸೀಮೆ. ಮುಂದೆ ಚೋರಡಿಯ ಬಳಿ ಕುಮುದ್ವತಿ ಹೊಳೆ. ಸುತ್ತಲಿನ ಗುಡ್ಡಗಳಲ್ಲಿ ಇಪ್ಪತ್ತನೆಯ ಶತಮಾನದ ಮೊದಲಿನಿಂದ ಮ್ಯಾಂಗನೀಸ್ ಅದಿರನ್ನು ಅಗೆದು ತೆಗೆದರು. ಆ ಕೆಲಸಕ್ಕೆಂದು ಎಲ್ಲೆಲ್ಲಿಂದಲೋ ಜನ ಬಂದರು. ಹತ್ತಿರದಲ್ಲಿ ಲಂಬಾಣಿ ತಾಂಡಾಗಳಿವೆ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ, ಸಾಗರ ಹೊಸನಗರ ತಾಲೂಕುಗಳ ಮುಳುಗಿದ ಹಳ್ಳಿಗಳಿಂದ ಎಬ್ಬಿಸಲ್ಪಟ್ಟ ಅನೇಕ ಕುಟುಂಬಗಳು ಶಿವಮೊಗ್ಗ ತಾಲೂಕಿನ ಈ ಭಾಗಕ್ಕೂ ಬಂದು ನೆಲೆಸಿದುವು. ಹೀಗೆ ನಾನಾ ದಿಕ್ಕಿನ ಜನ ನಾನಾ ಉಡುಪಿನಲ್ಲಿ ಒಂದು ಸಂತೆಯಲ್ಲಿ ಕೂಡುವ ಊರು ಇದು. ನಾನು ವರ್ಗವಾಗಿ ಇಲ್ಲಿಗೆ ಬಂದ ಮೊದಲ ವಾರವೇ ಸಂತೆಗೆ ಹೋಗಿ ತರಕಾರಿ ಕೊಳ್ಳುವುದನ್ನು ಮರೆತು ಜನರ ಬಟ್ಟೆಯನ್ನು ನೋಡುತ್ತ ನಿಂತೆನು. ಬರಿಯ ಚೀಲದೊಡನೆ ಮನೆಗೆ ಮರಳಿದಾಗ ನಡೆದ ಸಂಭಾಷಣೆಯನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ; ಗೃಹಸ್ಥರಾದವರು ಊಹಿಸಿಕೊಳ್ಳಬಲ್ಲರು.

ಈ ಹುಚ್ಚು ಹಿಡಿದುದು ಹೇಗೆ? ಇದರ ಮೂಲದಲ್ಲಿ ಒಂದು ನಷ್ಟವಿದೆ. ನನ್ನದು ಭದ್ರಾವತಿಯ ಸಮೀಪದ ಒಂದು ಹಳ್ಳಿ. ನಮ್ಮ ತಂದೆಯವರಿಗೆ ಪೌರೋಹಿತ್ಯ. ಬರುವ ದಕ್ಷಿಣೆ ಬೆಲ್ಲಕ್ಕಾದರೆ ಬೇಳೆಗಿಲ್ಲ. ೧೯೮೦ರಲ್ಲಿ ನಾನು ಹತ್ತನೆಯ ತರಗತಿ ಮುಗಿಸಿ, ಮೈಸೂರಿನ ಮಹಾರಾಜ ಸಂಸ್ಕೃತ ಪಾಠಶಾಲೆಗೆ ಸೇರಬೇಕೆಂದು ಹಟ ಹಿಡಿದೆನು. ಹೋಗುವ ಖರ್ಚಿಗೂ ಪುಸ್ತಕಕ್ಕೂ ಹಣವಿಲ್ಲ. ಅದೇ ಸಮಯಕ್ಕೆ ‘ಹಳೇ ಜರಿ, ಹಳೇ ರೇಷ್ಮೆ’ ಎಂದು ಕೂಗುತ್ತ ಒಬ್ಬ ವ್ಯಾಪಾರಿ ನಮ್ಮ ಬೀದಿಗೆ ಬಂದನು. ಹಿಂದಿನ ಕಾಲದ ಜರಿಯೆಂದರೆ ಬೆಳ್ಳಿಯ ಸಣ್ಣ ತಂತಿಯನ್ನು ರೇಷ್ಮೆಯ ಎಳೆಗೆ ಸುತ್ತಿ ಚಿನ್ನದ ನೀರು ಕೊಟ್ಟದ್ದು. ಅಂತಹ ಸೀರೆಯನ್ನು ಸುಟ್ಟರೆ ರೇಷ್ಮೆ ಬೂದಿಯಾಗಿ ಬೆಳ್ಳಿ ಉಳಿಯುತ್ತದೆ. ನಮ್ಮ ತಾಯಿಯವರು ಒಳಗೆ ಹೋಗಿ ತಮ್ಮ ಧಾರೆಯ ಸೀರೆಯನ್ನು ತಂದುಕೊಟ್ಟರು. ಮಾವಿನ ಚಿಗುರಿನ ಬಣ್ಣ, ಗೇಣಗಲದ ಅಂಚು, ಸೆರಗಿನಲ್ಲಿ ಹಂಸಗಳ ಸಾಲು. ವ್ಯಾಪಾರಿಯು ಸೆರಗಿನ ಚೆಲುವನ್ನು ನೋಡಲಿಲ್ಲ. ಅಂಚನ್ನು ಉಗುರಿನಿಂದ ಕೆರೆದು ನೋಡಿ, ತಕ್ಕಡಿಯಲ್ಲಿಟ್ಟನು.

ನಾನು ಆ ಹಣದಿಂದಲೇ ಮೈಸೂರಿಗೆ ಹೋದೆನು. ಅಲ್ಲಿ ತರ್ಕಸಂಗ್ರಹದ ಪಾಠ ಬಂದಿತು. ಕಾರಣವೆಂದರೇನೆಂದು ವಿವರಿಸುವಾಗ ನೈಯಾಯಿಕರು ತಪ್ಪದೆ ಬಟ್ಟೆಯ ದೃಷ್ಟಾಂತವನ್ನು ತರುತ್ತಾರೆ. ನೂಲು ಬಟ್ಟೆಗೆ ಸಮವಾಯಿಕಾರಣ. ನೂಲುಗಳ ಸಂಯೋಗವು ಅಸಮವಾಯಿಕಾರಣ. ಲಾಳಿ ಮಗ್ಗ ಮೊದಲಾದುವು ನಿಮಿತ್ತಕಾರಣ. ಗುರುಗಳು ಇದನ್ನು ಮೂರು ದಿನ ಪಾಠ ಹೇಳಿದರು. ಮೂರು ದಿನವೂ ನನ್ನ ಕಣ್ಣಿಗೆ ಕಾಣುತ್ತಿದ್ದುದು ತಕ್ಕಡಿಯ ಮೇಲಿದ್ದ ಆ ಸೀರೆಯೇ. ನೂಲು ಕಡಿದರೆ ಪಟನಾಶವೆಂಬುದನ್ನು ನಾನು ಪುಸ್ತಕವಿಲ್ಲದೆ ಕಲಿತಿದ್ದೆನು. ಮೊದಲ ಸಂಬಳ ಬಂದಾಗ ತಾಯಿಗೆ ಹೊಸ ರೇಷ್ಮೆಯ ಸೀರೆಯೊಂದನ್ನು ತೆಗೆದುಕೊಂಡು ಹೋದೆನು. ಆಕೆ ಸಂತೋಷದಿಂದ ಉಟ್ಟರು. ಹಳೆಯದರ ಮಾತನ್ನು ಆಕೆಯೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಂದಿನಿಂದ ಮಾತ್ರ ಎಲ್ಲಿಯಾದರೂ ಹಳೆಯ ಬಟ್ಟೆಯೊಂದು ಒಲೆಗೋ, ತಕ್ಕಡಿಗೋ, ನೆಲವೊರೆಸುವ ಬಕೀಟಿಗೋ ಹೋಗುವುದನ್ನು ಕಂಡರೆ ಕೈ ತಾನಾಗಿ ಮುಂದೆ ಹೋಗತೊಡಗಿತು.

ಗೃಹಸ್ಥರ ಮನೆಯಲ್ಲಿ ಬಟ್ಟೆಯ ಆಯುಷ್ಯವನ್ನು ನೋಡಿರಿ. ಹೊಸತಾಗಿದ್ದಾಗ ಹಬ್ಬಕ್ಕೆ, ಬಣ್ಣ ಮಾಸಿದಾಗ ಮನೆಯಲ್ಲಿ ಉಡುವುದಕ್ಕೆ, ಹರಿದಾಗ ಕೂಸಿನ ತೊಟ್ಟಿಲಿಗೆ, ಇನ್ನೂ ಹರಿದಾಗ ಕೌದಿಗೆ, ಆಮೇಲೆ ಒಲೆಯ ಮೇಲಿನ ಪಾತ್ರೆಯಿಳಿಸುವ ಮಸಿಯರಿವೆಗೆ, ಕಡೆಗೆ ಬತ್ತಿಗೆ. ಇದು ಮಿತವ್ಯಯದ ಲಕ್ಷಣ. ನಮ್ಮ ಹಿರಿಯರು ಒಂದು ನೂಲನ್ನೂ ವ್ಯರ್ಥಗೊಳಿಸಲಿಲ್ಲ; ಅದನ್ನು ನಾನು ನಿಂದಿಸಲಾರೆನು. ಆದರೆ ಇದರ ಫಲವಾಗಿ, ನಮ್ಮ ಮುತ್ತಜ್ಜಿಯರ ಕಾಲದ ಕಂಚಿನ ಚೊಂಬು ಇಂದಿಗೂ ಇದೆ, ಅವರು ಉಟ್ಟ ಸೀರೆ ಇಲ್ಲ. ಶಿವಮೊಗ್ಗದಲ್ಲಿ ಶಿವಪ್ಪನಾಯಕನ ಹೆಸರಿನ ಅರಮನೆಗೆ ಹೋದರೆ ಶತಮಾನಗಳ ಹಿಂದಿನ ಕಲ್ಲಿನ ವಿಗ್ರಹಗಳನ್ನು ಕಾಣಬಹುದು. ಕಲ್ಲಿನ ದೇವಿಯ ಕಲ್ಲಿನ ನಿರಿಗೆ ಉಳಿದಿದೆ. ಅದನ್ನು ಕೆತ್ತಿದವನ ಮನೆಯಾಕೆ ಉಟ್ಟ ನೂಲಿನ ನಿರಿಗೆ ಎಲ್ಲಿ? ಬಟ್ಟೆಗಾಗಿಯೇ ವಸ್ತುಸಂಗ್ರಹಾಲಯವನ್ನು ಕಟ್ಟಿದವರು ನಮ್ಮ ದೇಶದಲ್ಲಿ ಇಲ್ಲವೆಂದಲ್ಲ. ಅಹಮದಾಬಾದಿನ ಕ್ಯಾಲಿಕೊ ವಸ್ತುಸಂಗ್ರಹಾಲಯವು ೧೯೪೯ರಲ್ಲಿಯೇ ಆರಂಭವಾಯಿತು. ಅಲ್ಲಿ ಅರಮನೆ ದೇವಾಲಯಗಳಿಗೆ ಸೇರಿದ ಭವ್ಯ ವಸ್ತ್ರಗಳಿವೆ. ಬಡ ಮೇಷ್ಟರಿಗೆ ಅದು ಸಾಧ್ಯವೆ? ನನ್ನದು ಎರಡು ಟ್ರಂಕು, ಒಂದು ಬೀಟೆಯ ಪೆಟ್ಟಿಗೆ.

ಪೆಟ್ಟಿಗೆಯನ್ನು ತೆರೆಯೋಣ. ಎಲ್ಲಕ್ಕೂ ಮೇಲೆ ಒಂದು ಕರಿಯ ಕಂಬಳಿಯಿದೆ. ಕುರಿಯ ಉಣ್ಣೆಯನ್ನು ಕೈಯಿಂದ ನೂತು, ಹಾಸಿಗೆ ಹುಣಿಸೆಬೀಜದ ಗಂಜಿಯನ್ನು ಬಳಿದು ಬಿಗಿಮಾಡಿ, ನೆಲದ ಗುಂಡಿಯ ಮಗ್ಗದಲ್ಲಿ ಕುರುಬರು ನೇಯ್ದದ್ದು. ಮಲೆನಾಡಿನವನು ಇದನ್ನೇ ಮಡಿಸಿ ತಲೆಯ ಮೇಲೆ ಕೊಪ್ಪೆಯಾಗಿ ಹಾಕಿಕೊಂಡು ನಾಟಿಯ ಗದ್ದೆಗೆ ಇಳಿಯುತ್ತಿದ್ದನು. ಮಳೆಗೆ ಕೊಡೆ, ಚಳಿಗೆ ಹೊದಿಕೆ, ಹಗಲಿಗೆ ಹಾಸು, ನೆಂಟರು ಬಂದರೆ ಆಸನ. ಇದನ್ನು ಕೊಟ್ಟ ವೃದ್ಧರು, ‘ಮೇಷ್ಟ್ರೇ, ಇದು ನಂಗಿಂತ ಎರಡು ವರ್ಷಕ್ಕೆ ದೊಡ್ಡದು’ ಎಂದರು. ಅವರು ತೀರಿಕೊಂಡು ಹತ್ತು ವರ್ಷವಾಯಿತು. ಕಂಬಳಿಗೆ ಇನ್ನೂ ಒಂದು ತೂತಿಲ್ಲ.

ಅದರ ಕೆಳಗೆ ಇಳಕಲ್ಲಿನ ಸೀರೆ. ಶಿಕಾರಿಪುರದ ಕಡೆಯ ಒಂದು ಮನೆಯಲ್ಲಿ ಕೌದಿಗೆಂದು ಕತ್ತರಿ ಇಡುವ ಹೊತ್ತಿಗೆ ನಾನು ಹೋದುದರಿಂದ ಉಳಿಯಿತು. ಇಳಕಲ್ಲಿನ ನೇಕಾರರದು ಒಂದು ವಿಶೇಷ ಕ್ರಮ. ಒಡಲಿನ ಹಾಸನ್ನು ಬೇರೆಯಾಗಿಯೂ ಸೆರಗಿನ ರೇಷ್ಮೆಯ ಹಾಸನ್ನು ಬೇರೆಯಾಗಿಯೂ ಹೂಡಿ, ಎರಡನ್ನೂ ಎಳೆಗೆ ಎಳೆ ಕೊಂಡಿಯಂತೆ ಸೇರಿಸುತ್ತಾರೆ. ಆದುದರಿಂದ ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದಾಗಬಹುದು. ಬಡವಳಿಗೂ ಭುಜದ ಮೇಲೆ ರೇಷ್ಮೆಯುಂಟು. ಟೋಪ ತೆನಿ ಸೆರಗಿನ ಕೆಂಪು ಬಿಳುಪುಗಳು ಇಂದಿಗೂ ಮಂಕಾಗಿಲ್ಲ. ಒಡಲಿನ ಮೇಲೆ ಯಾರೋ ಒಬ್ಬಾಕೆ ಬಿಡುವಿನಲ್ಲಿ ಕಸೂತಿ ಹಾಕಿದ್ದಾಳೆ: ಗೋಪುರ, ತೇರು, ತುಳಸಿಯ ಕಟ್ಟೆ, ಒಂದು ಆನೆ. ಕಸೂತಿಯಲ್ಲಿ ಗವಂತಿ, ಮುರಗಿ, ನೇಯ್ಗಿ, ಮೆಂಥಿ ಎಂದು ನಾಲ್ಕು ಬಗೆಯ ಹೊಲಿಗೆ. ಗವಂತಿ ಮುರಗಿಗಳನ್ನು ಬಲ್ಲವಳು ಹಾಕಿದರೆ ಬಟ್ಟೆಯ ಎರಡು ಮಗ್ಗುಲೂ ಒಂದೇ ಆಗಿ ಕಾಣಬೇಕು. ಹಿಂದೆ ಗಂಟು ಕಾಣಬಾರದು. ಎಳೆಗಳನ್ನು ಎಣಿಸಿ ಹಾಕುವ ಈ ಕೆಲಸಕ್ಕೆ ನಕ್ಷೆಯೂ ಇಲ್ಲ, ಗೆರೆಯೂ ಇಲ್ಲ. ಈಕೆಯ ಆನೆಗೆ ಮಾತ್ರ ಐದು ಕಾಲುಗಳಿವೆ! ಎಣಿಸುವಾಗ ಕೂಸು ಅತ್ತಿತೊ, ಒಲೆಯ ಮೇಲೆ ಹಾಲು ಉಕ್ಕಿತೊ, ಯಾರು ಬಲ್ಲರು? ಆ ಐದನೆಯ ಕಾಲಿಗಾಗಿಯೇ ಈ ಸೀರೆಯ ಮೇಲೆ ನನಗೆ ಹೆಚ್ಚು ಪ್ರೀತಿ.

ಮೈಸೂರು ರೇಷ್ಮೆಯದೂ ಒಂದಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೧೨ರಲ್ಲಿ, ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ ಸ್ಥಾಪಿತವಾಯಿತು. ಬರಿಯ ಒಡಲು, ಸರಳವಾದ ಜರಿಯ ಅಂಚು, ಆಡಂಬರವಿಲ್ಲದ ಘನತೆ. ಇದನ್ನು ನನಗೆ ಕೊಟ್ಟವರು ನಮ್ಮ ಶಾಲೆಯಲ್ಲಿದ್ದ ಹಿರಿಯ ಉಪಾಧ್ಯಾಯಿನಿಯೊಬ್ಬರು. ತಮ್ಮ ಉಳಿತಾಯದಿಂದ ಕೊಂಡು, ಜೀವಮಾನದಲ್ಲಿ ಆರು ಸಲ ಮಾತ್ರ ಉಟ್ಟಿದ್ದರಂತೆ. ಆರು ಸಲವೂ ಎಲ್ಲಿ, ಯಾವಾಗ ಎಂಬುದನ್ನು ಅವರು ತಡೆಯಿಲ್ಲದೆ ಹೇಳಿದರು. ನಾನು ಒಂದು ಚೀಟಿಯಲ್ಲಿ ಬರೆದುಕೊಂಡು ಸೀರೆಯ ಮಡಿಕೆಯಲ್ಲಿಟ್ಟೆನು. ಅಲ್ಲಿಂದ ಮುಂದೆ ಪ್ರತಿಯೊಂದು ಬಟ್ಟೆಗೂ ಒಂದು ಚೀಟಿ ಬರೆಯುವುದು ನನ್ನ ನಿಯಮವಾಯಿತು.

ಲಂಬಾಣಿ ಹೆಂಗಸರ ಉಡುಪು ಒಂದು ಜೊತೆಯಿದೆ: ಘೇರಿನ ಫೇಟಿಯಾ, ಕನ್ನಡಿಗಳನ್ನು ಕೂಡಿಸಿ ಹೊಲಿದ ಕಾಂಚಳಿ, ತಲೆಯ ಮೇಲೆ ಹೊದೆಯುವ ಟುಕ್ರಿ. ತಾಂಡಾದ ವೃದ್ಧೆಯೊಬ್ಬಳು ಇದನ್ನು ಮಾರಲಿಲ್ಲ. ‘ನಮ್ಮ ಹುಡುಗೀರು ಈಗ ಚೂಡಿದಾರ ಹಾಕ್ತಾರೆ, ನಿಮ್ಮ ಹತ್ತಿರ ಇರಲಿ’ ಎಂದು ಕೊಟ್ಟಳು. ಇದನ್ನು ಹೊಲಿಯಲು ಎಷ್ಟು ದಿನ ಬೇಕೆಂದು ಕೇಳಿದಾಗ ಆಕೆ ನಕ್ಕಳು. ಮದುವೆಗೆ ಮುಂಚೆ ಆರಂಭಿಸಿದ್ದು ಮಗ ಹುಟ್ಟಿದ ಮೇಲೆ ಮುಗಿಯಿತಂತೆ!

ಕೆಳಗಿನ ಟ್ರಂಕಿನಲ್ಲಿ ಗಂಡಸರ ಉಡುಪು. ನನ್ನ ಗುರುಗಳೊಬ್ಬರ ಮುಚ್ಚುಗೊರಳಿನ ಕರಿಯ ಕೋಟಿದೆ; ಅದರ ಬಲಜೇಬಿನಲ್ಲಿ ಸೀಮೆಸುಣ್ಣದ ಪುಡಿ ಹಾಗೆಯೇ ಇದೆ, ನಾನು ಕೊಡವಿಲ್ಲ. ೧೯೨೩ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತಲ್ಲ, ಅಲ್ಲಿ ಬಹುಕಾಲ ದುಡಿದ ನೆರೆಯವರೊಬ್ಬರ ಖಾಕಿಯ ಅಂಗಿಯಿದೆ. ತೋಳಿನ ಮೇಲೆ ಕಿಡಿ ಸಿಡಿದ ಸಣ್ಣ ಸಣ್ಣ ರಂಧ್ರಗಳು ನಕ್ಷತ್ರಗಳಂತೆ ಚೆಲ್ಲಿವೆ. ಇವೆರಡರ ನಡುವೆ ಒಂದು ಖಾದಿಯ ಟೋಪಿ. ೧೯೨೭ರಲ್ಲಿ ಗಾಂಧೀಜಿಯವರು ಶಿವಮೊಗ್ಗ ಭದ್ರಾವತಿಗಳಿಗೆ ಬಂದರು. ಅಂದಿನಿಂದ ಈ ಸೀಮೆಯಲ್ಲಿ ಈ ಟೋಪಿಗೆ ಒಂದು ಮರ್ಯಾದೆ ಬಂದಿತು. ಶಿಕಾರಿಪುರ ತಾಲೂಕಿನ ಈಸೂರಿನ ಹೆಸರನ್ನು ಅರಿಯದ ಕನ್ನಡಿಗರುಂಟೆ? ೧೯೪೨ರ ಸೆಪ್ಟೆಂಬರಿನಲ್ಲಿ ಆ ಹಳ್ಳಿಯು ತಾನು ಸ್ವತಂತ್ರವೆಂದು ಸಾರಿತು. ಬಂದ ಅಧಿಕಾರಿಗಳು ಗಾಂಧಿಟೋಪಿಯನ್ನು ಧರಿಸಬೇಕೆಂದು ಜನ ಪಟ್ಟುಹಿಡಿದರು. ಅಲ್ಲಿಂದ ಗಲಭೆ ಬೆಳೆದು ಇಬ್ಬರು ಅಧಿಕಾರಿಗಳು ಸತ್ತರು. ೧೯೪೩ರ ಮಾರ್ಚಿಯಲ್ಲಿ ಊರಿನ ಐವರು ಗಲ್ಲಿಗೇರಿದರು. ನನ್ನಲ್ಲಿರುವ ಟೋಪಿ ಆ ಊರಿನದಲ್ಲ, ಆ ಕಾಲದ್ದು. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ. ಏಳು ಪ್ರಾಣಗಳು ಹೋದುದು ಇಷ್ಟು ಹಗುರವಾದ ಬಟ್ಟೆಯ ನೆಪದಲ್ಲಿಯೆ ಎಂದು ಪ್ರತಿಸಲವೂ ಮನಸ್ಸು ಭಾರವಾಗುತ್ತದೆ.

ಗೃಹಿಣಿಯರಿಗೆ ಉಪಯೋಗವಾದೀತೆಂದು ಇವುಗಳನ್ನು ಕಾಯುವ ಬಗೆಯನ್ನೂ ಸ್ವಲ್ಪ ಹೇಳುತ್ತೇನೆ. ಕುಂಸಿಯ ಮಳೆಗಾಲ ಬಟ್ಟೆಯ ಶತ್ರು. ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಯೇ ಬೆವರುತ್ತದೆ. ಒಂದು ವಾರ ಪೆಟ್ಟಿಗೆಯನ್ನು ಮರೆತರೆ ಬೂಷ್ಟು ಹಿಡಿಯುತ್ತದೆ. ಗಂಜಿ ಹಾಕಿದ ಬಟ್ಟೆಯನ್ನು ಹಾಗೆಯೇ ಎತ್ತಿಡಬಾರದು. ಗಂಜಿಯ ರುಚಿಗೆ ಹುಳು ಬರುತ್ತದೆ. ಜರಿಯ ಸೀರೆಯನ್ನು ಚೆನ್ನಾಗಿ ಒಗೆದು ಒಣಗಿಸಿದ ಹಳೆಯ ಬಿಳಿಯ ಹತ್ತಿಬಟ್ಟೆಯಲ್ಲಿ ಸುತ್ತಬೇಕು. ಪ್ಲಾಸ್ಟಿಕ್ಕಿನ ಚೀಲದಲ್ಲಿ ಎಂದಿಗೂ ಕೂಡದು, ಒಳಗೆ ಉಸಿರು ಕಟ್ಟಿ ತೇವ ನಿಲ್ಲುತ್ತದೆ. ನುಸಿಗುಳಿಗೆ ಜರಿಗೆ ತಾಕಬಾರದು. ನಾನು ಬೇವಿನ ಒಣಗಿದೆಲೆ, ಬಜೆಯ ಬೇರು, ನಾಲ್ಕು ಲವಂಗ, ಇಷ್ಟನ್ನು ತೆಳ್ಳನೆಯ ಬಟ್ಟೆಯಲ್ಲಿ ಗಂಟುಕಟ್ಟಿ ಮೂಲೆಗಳಲ್ಲಿಡುತ್ತೇನೆ. ಮೂರು ತಿಂಗಳಿಗೊಮ್ಮೆ ಹೊರತೆಗೆದು, ಬಿಸಿಲಿಗೆ ನೇರವಾಗಿ ಒಡ್ಡದೆ, ನೆರಳಿನ ಗಾಳಿಯಲ್ಲಿ ಹರಡಿ, ಮಡಿಕೆಯನ್ನು ಬದಲಾಯಿಸಿ ಮತ್ತೆ ಮಡಿಸಬೇಕು. ಒಂದೇ ಗೆರೆಯ ಮೇಲೆ ವರ್ಷಗಟ್ಟಲೆ ಮಡಿಸಿಟ್ಟ ರೇಷ್ಮೆಯು ಆ ಗೆರೆಯ ಮೇಲೆಯೇ ಸೀಳುತ್ತದೆ. ಒಗೆಯಬೇಕಾಗಿ ಬಂದರೆ ಅಂಟುವಾಳದ ನೊರೆಯೇ ಸೌಮ್ಯ. ಹೀಗೆ ವರ್ಷಕ್ಕೆ ನಾಲ್ಕು ಸಲ ನಮ್ಮ ನಡುಮನೆಯಲ್ಲಿ ಬಟ್ಟೆಯ ಜಾತ್ರೆ. ಮೊದಲಿನ ವರ್ಷಗಳಲ್ಲಿ ನನ್ನ ಮನೆಯಾಕೆ, ‘ಏನೂಂದ್ರೆ, ಕಂಡವರ ಮನೆಯ ಹಳೇ ಸೀರೆಗೆ ಇಷ್ಟು ಸೇವೆ ಮಾಡ್ತೀರಲ್ಲ!’ ಎಂದು ಗೊಣಗುತ್ತಿದ್ದಳು. ಈಗ ಮಡಿಕೆಯ ಇನ್ನೊಂದು ತುದಿಯನ್ನು ಹಿಡಿಯುವವಳು ಆಕೆಯೇ. ಆರು ಗಜದ ಸೀರೆಯನ್ನು ಒಬ್ಬನೇ ಮಡಿಸುವುದು ಆಗದ ಕೆಲಸ. ಅಷ್ಟರಮಟ್ಟಿಗೆ ಈ ಹವ್ಯಾಸವು ದಾಂಪತ್ಯಕ್ಕೂ ಹಿತಕರ.

ಇಷ್ಟೆಲ್ಲ ಕೂಡಿಸಿ ಕಾಯುವುದರಲ್ಲಿ ನನಗೊಂದು ಗರ್ವ ಬೆಳೆಯುತ್ತಿದ್ದುದನ್ನು ನಾನು ಅರಿಯಲಿಲ್ಲ. ಲೋಕ ಬಿಸುಟದ್ದನ್ನು ಉಳಿಸಿದವನು ನಾನು, ಆದುದರಿಂದ ಇವುಗಳ ಒಡೆಯನೂ ನಾನೇ ಎಂಬುದು ಆ ಗರ್ವ. ಅದು ಮುರಿದ ಸಂಗತಿಯನ್ನು ಹೇಳಿ ಮುಗಿಸುತ್ತೇನೆ.

೨೦೨೨ರ ಆಗಸ್ಟಿನಲ್ಲಿ ಸ್ವಾತಂತ್ರ್ಯದ ಎಪ್ಪತ್ತೈದನೆಯ ವರ್ಷದ ಉತ್ಸವ. ನಾನಿನ್ನೂ ಕೆಲಸದಲ್ಲಿದ್ದೆನು. ಮುಖ್ಯೋಪಾಧ್ಯಾಯರು, ‘ನಿಮ್ಮ ಗಾಂಧಿಟೋಪಿಯನ್ನು ಮಕ್ಕಳಿಗೆ ತೋರಿಸಿ’ ಎಂದರು. ಟೋಪಿಯೊಂದನ್ನೇ ಇಡುವುದು ಹೇಗೆಂದು ಇಪ್ಪತ್ತು ವಸ್ತುಗಳನ್ನು ಒಯ್ದು ಮೇಜಿನ ಮೇಲೆ ಸಾಲಾಗಿಟ್ಟೆನು. ಕಡೆಯಲ್ಲಿ ಒಂದು ಕುಲಾವಿ ಇತ್ತು. ಸ್ಟೀಲಿನ ಪಾತ್ರೆಗೆ ಹಳೆಯ ಬಟ್ಟೆ ಕೊಳ್ಳುವವನ ಗಂಟಿನಿಂದ ಕೆಲವು ವರ್ಷಗಳ ಹಿಂದೆ ನಾನು ಹತ್ತು ರೂಪಾಯಿಗೆ ಬಿಡಿಸಿಕೊಂಡದ್ದು. ಯಾವುದೋ ಹಳೆಯ ಸೀರೆಯ ಸೆರಗಿನಿಂದ ಹೊಲಿದ ಕೂಸಿನ ಟೋಪಿ. ಕಟ್ಟುವ ದಾರಗಳಲ್ಲಿ ಒಂದು ಕೆಂಪು ನೂಲಿನದು, ಇನ್ನೊಂದು ಗೋಣಿಚೀಲದಿಂದ ಎಳೆದು ಹೊಸೆದದ್ದು. ಚೀಟಿಯಲ್ಲಿ ನಾನು ಬರೆದಿದ್ದುದು ಇಷ್ಟು: ‘ಕುಲಾವಿ. ಮಲೆನಾಡು. ಮನೆಯ ಹೆಸರು ತಿಳಿಯದು.’

ಮಧ್ಯಾಹ್ನ ಮೊಮ್ಮಗನ ಭಾಷಣವನ್ನು ಕೇಳಲು ಬಂದ ವೃದ್ಧೆಯೊಬ್ಬರು ಅದರ ಮುಂದೆ ನಿಂತರು. ಬಹಳ ಹೊತ್ತು ನಿಂತರು. ಮುಟ್ಟಲು ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡರು.

‘ಮೇಷ್ಟ್ರೇ, ಇದರ ಒಳಗೆ ನೀಲಿ ಚೌಕಳಿ ಬಟ್ಟೆ ತೇಪೆ ಉಂಟಾ ನೋಡಿ’ ಎಂದರು.

ತೇಪೆ ಇತ್ತು. ಅದನ್ನು ಬಲ್ಲವನು ಲೋಕದಲ್ಲಿ ನಾನೊಬ್ಬನೇ ಎಂದು ತಿಳಿದಿದ್ದೆನು.

‘ಅದು ನಮ್ಮಪ್ಪನ ಅಂಗಿದು. ಅಮ್ಮ ಹೊಲಿದದ್ದು, ನನ್ನ ತಮ್ಮ ಹುಟ್ಟಿದಾಗ. ನಮ್ಮ ಊರು ಈಗ ನೀರಿನಡಿ ಅದೆ. ಲಾರೀಲಿ ಸಾಮಾನು ಹೇರಿ ಕರ್ಕೊಂಡು ಬಂದ್ರು. ನಾನು ಆಗ ಏಳೆಂಟು ವರ್ಷದೋಳು, ತಮ್ಮನ್ನ ನಾನೇ ಎತ್ತಿಕೊಂಡಿದ್ದೆ. ಅವನ ತಲೆ ಮೇಲೆ ಇದೇ ಇತ್ತು.’

ಮುಂದಿನದನ್ನು ಅವರು ಬಿಡಿಬಿಡಿಯಾಗಿ ಹೇಳಿದರು. ಆಕೆ ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದಾಗ ಮನೆಯವರು ಹಳೆಯ ಬಟ್ಟೆಯ ಗಂಟನ್ನು ಒಂದು ಪಾತ್ರೆಗೆ ಕೊಟ್ಟುಬಿಟ್ಟಿದ್ದರಂತೆ. ‘ಸೊಸೆಗೆ ಗೊತ್ತಿರಲಿಲ್ಲ, ಪಾಪ’ ಎಂದರು. ತಮ್ಮನು ತೀರಿಕೊಂಡಿದ್ದಾನೆ. ಊರಿಲ್ಲ, ಮನೆಯಿಲ್ಲ, ಆ ಊರಿನದೆಂದು ಹೇಳಿಕೊಳ್ಳಲು ಇನ್ನೊಂದು ವಸ್ತುವಿಲ್ಲ. ಇಷ್ಟು ಹೇಳಿಯೂ ಆಕೆ ‘ನನಗೆ ಕೊಡಿ’ ಎನ್ನಲಿಲ್ಲ. ‘ಚೆನ್ನಾಗಿ ಇಟ್ಟಿದ್ದೀರಿ’ ಎಂದು ಹೇಳಿ ಹೊರಟುಹೋದರು.

ವಾಚಕರೇ, ಆ ಕ್ಷಣದಲ್ಲಿಯೇ ನಾನು ಕೊಟ್ಟೆನೆಂದು ಬರೆದರೆ ಕಥೆ ಚೆನ್ನಾಗಿರುತ್ತಿತ್ತು. ನಾನು ಕೊಡಲಿಲ್ಲ. ಕುಲಾವಿಯನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದು ಪೆಟ್ಟಿಗೆಯಲ್ಲಿಟ್ಟೆನು. ಹಣ ಕೊಟ್ಟು ಕೊಂಡದ್ದು. ನಾನು ಕೊಳ್ಳದಿದ್ದರೆ ಎಂದೋ ಚಿಂದಿಯಾಗಿ ಹೋಗುತ್ತಿತ್ತು. ಅವರ ಮನೆಗೆ ಹೋದರೆ ಒಂದು ಮಳೆಗಾಲ ತಡೆದೀತೆ? ಇದು ಊರಿಗೆಲ್ಲ ಸೇರಿದ ನೆನಪಲ್ಲವೆ? ಹೀಗೆ ತರ್ಕ ಮಾಡಿದೆನು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೆಯ ದಿನ ಬೆಳಗ್ಗೆ ಕಾಫಿ ಕೊಡುತ್ತ ನನ್ನಾಕೆ, ‘ಆ ಜರಿ ವ್ಯಾಪಾರಿ ನಿಮ್ಮಮ್ಮನ ಸೀರೆ ಸುಡದೆ ಇಟ್ಟುಕೊಂಡಿದ್ದಿದ್ದರೆ?’ ಎಂದಳು. ಅಷ್ಟೇ ಹೇಳಿದಳು. ಗೀತೆಯಲ್ಲಿ ಜೀರ್ಣವಸ್ತ್ರವನ್ನು ಬಿಟ್ಟು ಹೊಸದನ್ನು ತೊಡುವ ದೃಷ್ಟಾಂತವನ್ನು ನಾನು ಮೂವತ್ತು ವರ್ಷ ಪಾಠ ಹೇಳಿದವನು. ಬಿಡುವುದೆಂದರೇನೆಂಬುದನ್ನು ಅಂದು ಕಲಿತೆನು.

ಅವರ ಮನೆಯನ್ನು ವಿಚಾರಿಸಿಕೊಂಡು ಹೋದೆನು. ಊರ ಹೊರಗೆ ಕಾಡಿನಂಚಿನ ಹಳ್ಳಿ; ಹೆಂಚಿನ ಮನೆ, ಅಂಗಳದಲ್ಲಿ ತುಳಸಿ. ಕುಲಾವಿಯನ್ನು ಅವರ ಕೈಯಲ್ಲಿಟ್ಟು, ‘ತಾಯಿ, ಇದು ನನ್ನ ಹತ್ತಿರ ಇಷ್ಟು ದಿನ ಠೇವಣಿಯಿತ್ತು’ ಎಂದೆನು. ಆಕೆ ಅದನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಬೇವಿನ ವಾಸನೆ ಮಾತ್ರ ಬಂದಿರಬೇಕು. ಬಳಿಕ ನನಗೆ ಕಾಯುವ ಕ್ರಮವನ್ನೆಲ್ಲ ವಿವರಿಸುವ ಆತುರ: ಬಿಸಿಲಿಗೆ ಹಾಕಬೇಡಿ, ಒಗೆಯಬೇಡಿ, ಬಿಗಿಯಾಗಿ ಮಡಿಸಬೇಡಿ. ಎಲ್ಲಕ್ಕೂ ತಲೆಯಾಡಿಸಿದರು.

ಎರಡು ತಿಂಗಳ ಮೇಲೆ ಆ ಮನೆಯಲ್ಲಿ ಒಂದು ಕೂಸಿನ ತೊಟ್ಟಿಲ ಶಾಸ್ತ್ರ. ನಮ್ಮಿಬ್ಬರಿಗೂ ಕರೆ ಬಂದಿತು. ಹೋಗಿ ನೋಡುತ್ತೇನೆ, ಮರಿಮಗುವಿನ ತಲೆಯ ಮೇಲೆ ಅದೇ ಕುಲಾವಿ! ಅರವತ್ತು ವರ್ಷದ ನೂಲು, ಎಳೆದರೆ ಹರಿಯುವಂಥದು. ನನ್ನ ಎದೆ ಧಸಕ್ಕೆಂದಿತು. ಆಕೆ ದಾರವನ್ನು ಕಟ್ಟಿರಲಿಲ್ಲ, ಸುಮ್ಮನೆ ಇಟ್ಟಿದ್ದರು. ಹೆಸರಿಡುವಷ್ಟು ಹೊತ್ತು ಅದು ಆ ಪುಟ್ಟ ತಲೆಯ ಮೇಲಿತ್ತು. ಕೂಸು ತಲೆಯಾಡಿಸಿದಂತೆ ಸೆರಗಿನ ಕೆಂಪು ದೀಪದ ಬೆಳಕಿನಲ್ಲಿ ಮಿಂಚಿತು. ನನ್ನ ಪೆಟ್ಟಿಗೆಯಲ್ಲಿದ್ದಷ್ಟು ದಿನ ಅದು ಒಮ್ಮೆಯೂ ಹಾಗೆ ಮಿಂಚಿರಲಿಲ್ಲ. ಬಳಿಕ ಆಕೆ ಮೆಲ್ಲನೆ ತೆಗೆದು, ಬಿಳಿಯ ಬಟ್ಟೆಯಲ್ಲಿ ಸುತ್ತಿ, ನನ್ನ ಕಡೆಗೆ ನೋಡಿ, ‘ಸರಿಯಾಯ್ತಾ ಮೇಷ್ಟ್ರೇ?’ ಎಂದರು. ಮಡಿಕೆ ಸರಿಯಾಗಿಯೇ ಇತ್ತು.

ಅಂದಿನಿಂದ ನನ್ನ ಸಂಗ್ರಹದ ಕ್ರಮ ಬದಲಾಗಿದೆ. ಕಂಡದ್ದನ್ನೆಲ್ಲ ಕೊಳ್ಳುವುದನ್ನು ಬಿಟ್ಟಿದ್ದೇನೆ. ಯಾರಾದರೂ ಹಳೆಯ ಬಟ್ಟೆ ಕೊಡಲು ಬಂದರೆ ಮೊದಲು ಅವರ ಮನೆಯಲ್ಲಿಯೇ ಇಟ್ಟುಕೊಳ್ಳುವ ಬಗೆಯನ್ನು ತಿಳಿಸುತ್ತೇನೆ. ಬೇಡವೆಂದರ ಮೇಲೆ ತೆಗೆದುಕೊಂಡು, ಯಾರದು, ಯಾವಾಗ ಉಟ್ಟದ್ದು ಎಂದು ಚೀಟಿ ಬರೆಯುತ್ತೇನೆ. ಹಿಂದಕ್ಕೆ ಕೇಳಿದರೆ ಕೊಡಬೇಕೆಂದು ಚೀಟಿಯ ಕೆಳಗೆ ನಮ್ಮ ಮಕ್ಕಳಿಗೂ ಬರೆದಿಟ್ಟಿದ್ದೇನೆ. ಹಳೆಯದನ್ನು ಕಾಯುವುದರಷ್ಟೇ ಹೊಸತನ್ನು ನೇಯುವುದೂ ಮುಖ್ಯವೆಂದು ತಿಳಿದು, ಸಾಗರದಾಚೆಯ ಹೆಗ್ಗೋಡಿನ ಬಳಿ ‘ಚರಕ’ ಸಂಸ್ಥೆಯವರು ನಡೆಸುವ ಕೈಮಗ್ಗಗಳನ್ನೂ ಹೋಗಿ ನೋಡಿ ಬಂದೆನು. ಅಡಿಕೆ ಬೇಯಿಸಿದ ಚೊಗರಿನಿಂದ ಅಲ್ಲಿ ಬಟ್ಟೆಗೆ ಕೆಂಗಂದು ಬಣ್ಣ ಕಟ್ಟುತ್ತಾರೆ. ಮಗ್ಗದಲ್ಲಿ ಕುಳಿತಿರುವವರು ಹೆಚ್ಚಾಗಿ ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು. ಚೊಗರಿನ ಬಣ್ಣದ ಒಂದು ಸೀರೆಯನ್ನು ನನ್ನಾಕೆಗೆ ತಂದೆನು. ಅದನ್ನು ಪೆಟ್ಟಿಗೆಯಲ್ಲಿಡಲು ಆಕೆ ಒಪ್ಪಲಿಲ್ಲ, ಉಡುತ್ತಿದ್ದಾಳೆ.

ವಾಚಕರ ಮನೆಗಳಲ್ಲಿಯೂ ಅಟ್ಟದ ಮೇಲೆ ಒಂದು ಪೆಟ್ಟಿಗೆ ಇದ್ದೇ ಇರುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ ಇಳಿಸಿ ನೋಡಿರಿ. ಅಜ್ಜಿಯಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿರಿ. ಕೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದಿಡಿರಿ. ಇದಕ್ಕೆ ಹಣ ಬೇಡ, ಪಾಂಡಿತ್ಯ ಬೇಡ.

ನನ್ನ ಬೀಟೆಯ ಪೆಟ್ಟಿಗೆಯಲ್ಲಿ ಆ ಕುಲಾವಿಯ ಜಾಗ ಬರಿದಾಗಿಯೇ ಇದೆ. ಅದನ್ನು ಸುತ್ತಿದ್ದ ಬಿಳಿಯ ಬಟ್ಟೆಯ ಮಡಿಕೆಯಲ್ಲಿ ಹಳೆಯ ಚೀಟಿಯನ್ನು ಹಾಗೆಯೇ ಇಟ್ಟಿದ್ದೇನೆ. ‘ಮನೆಯ ಹೆಸರು ತಿಳಿಯದು’ ಎಂಬ ಮಾತನ್ನು ಮಾತ್ರ ಹೊಡೆದುಹಾಕಿ, ಅದರ ಕೆಳಗೆ ‘ಮನೆಗೆ ಹೋಯಿತು’ ಎಂದು ಬರೆದಿದ್ದೇನೆ.